ಅವಿಶ್ವಾಸ ಗೊತ್ತುವಳಿ ಇಲ್ಲದ ದೇಶ

ನಾನು ಓದಿದ್ದು ಪಿಯುಸಿ ತನಕ. ಅಮೆರಿಕದ ಸಂವಿಧಾನವನ್ನು ಕಲಿತದ್ದು ನೆದರ್ಲೆಂಡ್ಸ್‌ನ ನ್ಯೂವೆಗೈನ್ ಊರಿನ ನಮ್ಮ ಊಟದ ಮೇಜಿನ ಮುಂದೆ, ಐವತ್ತೊಂದನೆಯ ವಯಸ್ಸಿನಲ್ಲಿ, ಹೆಂಡತಿಯ ಪಾಠಕ್ಕೆ ವಿದ್ಯಾರ್ಥಿಯಾಗಿ ಕುಳಿತು. ಆರು ಸಂಜೆ ಸಾಕಾಯಿತು. ಚೌಕಾಸಿ ಮಾಡಿ ಬದುಕಿದವರಿಗೆ ಅದು ಕಷ್ಟದ ವಿಷಯವೇ ಅಲ್ಲ, ಧೈರ್ಯವಾಗಿ ಹೇಳುತ್ತೇನೆ.

ಹೆಂಡತಿ ಮೈಸೂರಿನ ಪಿಯು ಕಾಲೇಜೊಂದರಲ್ಲಿ ಹನ್ನೊಂದು ವರ್ಷ ರಾಜ್ಯಶಾಸ್ತ್ರ ಹೇಳಿಕೊಟ್ಟವಳು. ಇಲ್ಲಿ ನನ್ನ ದಿನಸಿ ಸಗಟು ವ್ಯಾಪಾರ ಕಾಲೂರಿದ ಮೇಲೆ ಕೆಲಸ ಬಿಟ್ಟು ಬಂದಳು. ಬಂದು ಎಂಟು ವರ್ಷ ಗೋದಾಮಿನ ಬಿಳಿ ಹಲಗೆಯ ಮೇಲೆ ಕರಿಬೇವು, ನುಗ್ಗೆ, ತೆಂಗಿನಕಾಯಿಯ ಪಟ್ಟಿ ಬರೆದಳು. ಒಂದು ದಿನವೂ ಗೊಣಗಲಿಲ್ಲ. ಆದರೆ ಪಟ್ಟಿಯ ತಲೆಬರಹದ ಕೆಳಗೆ ಎರಡು ಗೆರೆ ಎಳೆಯುವುದನ್ನು ಮಾತ್ರ ಬಿಡಲಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ಕಳೆದ ವರ್ಷ ಬೈಟನ್‌ವೆಲ್ಡರ್ಟ್ ಬಡಾವಣೆಯ ಹತ್ತಿರದ ಒಂದು ಅಂತರರಾಷ್ಟ್ರೀಯ ಶಾಲೆ ಅವಳನ್ನು ಮಾದರಿ ಪಾಠಕ್ಕೆ ಕರೆಯಿತು. ಹದಿನೇಳು ವರ್ಷದ ಮಕ್ಕಳಿಗೆ ಅರ್ಧ ಗಂಟೆ ಪಾಠ. ವಿಷಯ, ಅಮೆರಿಕದ ಸರ್ಕಾರದ ಮೂರು ಅಂಗಗಳು. ಪಾಠ ಒಪ್ಪಿಗೆಯಾದರೆ ಕೆಲಸ. ಅವಳಿಗೆ ಆಗ ನಲವತ್ತಾರು. ಇದು ತಪ್ಪಿದರೆ ಮತ್ತೆ ಕರೆಯುವವರಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅಭ್ಯಾಸಕ್ಕೆ ಕೂತಾಗ ಅವಳು ವ್ಯಾಖ್ಯೆಯಿಂದ ಶುರುಮಾಡಿದಳು. ಶಾಸಕಾಂಗ ಎಂದರೇನು, ಕಾರ್ಯಾಂಗ ಎಂದರೇನು. ಎರಡು ನಿಮಿಷಕ್ಕೆ ನನಗೆ ಆಕಳಿಕೆ ಬಂತು. ಹೀಗಲ್ಲ, ಇದನ್ನು ಬರೆದವರು ಯಾಕೆ ಜಗಳವಾಡಿದರು ಅದನ್ನು ಹೇಳು ಅಂದೆ. ಹೇಳಿದಳು. ಜನ ಹೆಚ್ಚಿದ್ದ ರಾಜ್ಯಗಳು ತಲೆ ಎಣಿಸಿ ಸ್ಥಾನ ಕೊಡಿ ಎಂದವಂತೆ. ಸಣ್ಣ ರಾಜ್ಯಗಳು, ಎಲ್ಲರಿಗೂ ಸಮ ಕೊಡದಿದ್ದರೆ ಒಪ್ಪುವುದಿಲ್ಲ ಎಂದವಂತೆ. ಕೊನೆಗೆ ಎರಡು ಸದನ ಮಾಡಿದರು. ಒಂದರಲ್ಲಿ ಜನಸಂಖ್ಯೆಯ ಪ್ರಕಾರ, ಇನ್ನೊಂದರಲ್ಲಿ, ಅಂದರೆ ಸೆನೆಟ್‌ನಲ್ಲಿ, ದೊಡ್ಡದಿರಲಿ ಚಿಕ್ಕದಿರಲಿ ರಾಜ್ಯಕ್ಕೆ ಇಬ್ಬರು. ಎರಡೂ ಸೇರಿದರೆ ಕಾಂಗ್ರೆಸ್. ನಾನು ಎದ್ದು ಕೂತೆ. ಇದು ಅಪ್ಪಟ ವ್ಯಾಪಾರ. ಮಾತು ಮುರಿಯಬಾರದು ಎಂದಿದ್ದರೆ ಇಬ್ಬರೂ ಏನಾದರೊಂದನ್ನು ಕೈಯಲ್ಲಿ ಹಿಡಿದು ಮನೆಗೆ ಹೋಗಬೇಕು.

ಉಳಿದದ್ದೂ ಹಾಗೆಯೇ ತಲೆಗೆ ಹತ್ತಿತು. ಕಾಂಗ್ರೆಸ್ ಕಾನೂನು ಮಾಡುತ್ತದೆ, ಅಧ್ಯಕ್ಷ ಸಹಿ ಹಾಕದೆ ವಾಪಸು ಕಳಿಸಬಹುದು, ಎರಡೂ ಸದನಗಳು ಮೂರನೇ ಎರಡರಷ್ಟು ಮತ ಕೂಡಿಸಿದರೆ ಅವನ ಸಹಿಯಿಲ್ಲದೆಯೂ ಕಾನೂನು ನಿಲ್ಲುತ್ತದೆ. ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ಅಧ್ಯಕ್ಷ ಹೆಸರಿಸಬೇಕು, ಸೆನೆಟ್ ಒಪ್ಪಬೇಕು. ಆಮೇಲೆ ಅದೇ ಕೋರ್ಟು ಇಬ್ಬರ ಕೆಲಸವನ್ನೂ ಸಂವಿಧಾನಕ್ಕೆ ವಿರುದ್ಧ ಎಂದು ತಳ್ಳಿಹಾಕಬಹುದು. ಇಲ್ಲಿಯೂ ಹಾಗೆಯೇನು ಎಂದು ಕೇಳಿದೆ. ಇಲ್ಲವಂತೆ. ನೆದರ್ಲೆಂಡ್ಸ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ಹೊಂದುತ್ತದೋ ಇಲ್ಲವೋ ಎಂದು ಕೋರ್ಟು ತೀರ್ಮಾನಿಸುವಂತಿಲ್ಲ. ಇಷ್ಟು ವರ್ಷ ಇಲ್ಲಿ ತೆರಿಗೆ ಕಟ್ಟಿದ್ದೇನೆ, ನನಗೆ ಗೊತ್ತೇ ಇರಲಿಲ್ಲ.

ಗೋದಾಮು ನಡೆಸುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮಾಲು ತರಿಸುವವನು, ಇಳಿಸುವಾಗ ಪರೀಕ್ಷೆ ಮಾಡುವವನು, ಕೊಳೆತದ್ದನ್ನು ವಾಪಸು ಕಳಿಸಲು ತೀರ್ಮಾನಿಸುವವನು, ಮೂವರೂ ಒಬ್ಬನೇ ಆಗಿರಬಾರದು. ಒಳ್ಳೆಯವನೇ ಆಗಿದ್ದರೂ ಬೇಡ. ಅವರ ಸಂವಿಧಾನ ಇಷ್ಟನ್ನೇ ಉದ್ದಕ್ಕೆ ಹೇಳುತ್ತದೆ ಎಂದು ನನ್ನ ಅಭಿಪ್ರಾಯ.

ಪಾಠದ ದಿನ ಬೆಳಿಗ್ಗೆ ವ್ಯಾನ್ ಓಡಿಸುತ್ತಾ ಅವಳಿಗೆ ಇನ್ನೊಂದು ಸಲಹೆ ಕೊಟ್ಟೆ. ಮೂವತ್ತು ವರ್ಷದ ಅನುಭವದ ಮೇಲೆ ಕೊಟ್ಟದ್ದು.

"ನೋಡು, ‘ತಪ್ಪಾಯ್ತು’ ಅನ್ನೋ ಮಾತು ಮಾತ್ರ ಬಾಯಿಂದ ಬರಬಾರ್ದು. ಅಂದ್ರೆ ಮುಗೀತು, ಅಲ್ಲಿಂದ ನಿನ್ನ ರೇಟು ಇಳಿಯುತ್ತೆ."

"ಆಯ್ತು ಮಾರಾಯ್ರೆ, ಮೊದ್ಲು ರಸ್ತೆ ನೋಡಿ" ಅಂದಳು.

ಶಾಲೆಯ ಹಿಂದಿನ ಬೀದಿಯಲ್ಲಿ ವ್ಯಾನ್ ನಿಲ್ಲಿಸಿ ಕಾದೆ. ಮುಕ್ಕಾಲು ಗಂಟೆಗೆ ಬಂದಳು. ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಳ್ಳದೆ ಕೈಗೆ ಹತ್ತಿದ ಮಾರ್ಕರ್ ಪೆನ್ನಿನ ಕಲೆ ತಿಕ್ಕುತ್ತಿದ್ದಳು. ಏನಾಯಿತು ಎಂದರೆ, ಹೇಳಬಾರದ್ದನ್ನು ಹೇಳಿಬಿಟ್ಟೆ ಅಂದಳು.

ಜಗಳದಿಂದ ಶುರುಮಾಡಿದ್ದು ಮಕ್ಕಳಿಗೆ ಹಿಡಿಸಿತ್ತಂತೆ. ಪಾಠ ಅರ್ಧ ಆಗುವಷ್ಟರಲ್ಲಿ ಒಬ್ಬ ಹುಡುಗಿ, ಅಧ್ಯಕ್ಷ ಕಾಂಗ್ರೆಸ್ಸಿನ ವಿಶ್ವಾಸ ಕಳೆದುಕೊಂಡರೆ ಏನು ಮಾಡುತ್ತಾರೆ ಎಂದು ಕೇಳಿದಳು. ನನ್ನ ಹೆಂಡತಿ ಪುಸ್ತಕದಲ್ಲಿ ಇದನ್ನು ನೂರು ಸಲ ಓದಿದವಳು. ಆದರೆ ಹನ್ನೊಂದು ವರ್ಷ ಮೈಸೂರಿನ ತರಗತಿಯಲ್ಲಿ ಅದೇ ಪ್ರಶ್ನೆಗೆ ಒಂದೇ ಉತ್ತರ ಕೊಟ್ಟ ನಾಲಿಗೆ ಅದು. ನಮ್ಮ ರಾಜ್ಯದ ಸರ್ಕಾರಗಳು ಬಿದ್ದದ್ದನ್ನು ಟಿವಿಯಲ್ಲಿ ನೋಡುತ್ತಲೇ ಬೆಳೆದವಳು ಬೇರೆ. ಅವಿಶ್ವಾಸ ಗೊತ್ತುವಳಿ ತಂದು ಮನೆಗೆ ಕಳಿಸುತ್ತಾರೆ ಅಂದುಬಿಟ್ಟಳು. ಹಿಂದಿನ ಬೆಂಚಿನ ಅಮೆರಿಕದ ಹುಡುಗನೊಬ್ಬ, ಅಂಥದ್ದು ನಮ್ಮಲ್ಲಿ ಇಲ್ಲವಲ್ಲ ಎಂದ. ಪರೀಕ್ಷಿಸಲು ಕೂತಿದ್ದ ಇಬ್ಬರೂ ತಲೆತಗ್ಗಿಸಿ ಬರೆದುಕೊಂಡರು.

"ಆಮೇಲೆ?"

"ಆಮೇಲೇನು, ತಪ್ಪಾಯ್ತು ಅಂದೆ."

ನಾನು ಸ್ಟಿಯರಿಂಗ್ ಮೇಲೆ ತಲೆಯಿಟ್ಟೆ.

ಅಷ್ಟಕ್ಕೇ ನಿಲ್ಲಿಸಿರಲಿಲ್ಲ. ಇದು ನಾನು ಬಂದ ದೇಶದ ಉತ್ತರ, ನೀವು ಕೂತಿರುವ ದೇಶದ ಉತ್ತರವೂ ಹೌದು, ಆ ದೇಶದ್ದಲ್ಲ ಎಂದು ಹಲಗೆಯ ಮೇಲೆ ಮೂರು ಅಂಕಣ ಹಾಕಿದಳಂತೆ. ಭಾರತದಲ್ಲೂ ಇಲ್ಲೂ ಸರ್ಕಾರ ಸಂಸತ್ತಿನ ಹೆಗಲ ಮೇಲೆ ಕೂತಿದೆ, ಹೆಗಲು ಕೊಟ್ಟವರು ಕೆಳಗಿಳಿಸಬಹುದು. ಅಲ್ಲಿ ಅಧ್ಯಕ್ಷನ ಚುನಾವಣೆಯೇ ಬೇರೆ, ಕಾಂಗ್ರೆಸ್ಸಿನ ಹೆಗಲ ಮೇಲೆ ಅವನು ಕೂತೇ ಇಲ್ಲ. ಹಾಗಾಗಿ ಇಷ್ಟವಿಲ್ಲ ಎಂಬ ಕಾರಣಕ್ಕೆ ಇಳಿಸುವಂತಿಲ್ಲ. ಗಂಭೀರ ಅಪರಾಧ ಹೊರಿಸಿ ವಾಗ್ದಂಡನೆಗೆ ತರಬೇಕು. ಕೆಳಮನೆ ಆರೋಪ ಹೊರಿಸಬೇಕು, ಸೆನೆಟ್ ವಿಚಾರಣೆ ನಡೆಸಿ ಮೂರನೇ ಎರಡರಷ್ಟು ಮತದಿಂದ ತಪ್ಪಿತಸ್ಥ ಎನ್ನಬೇಕು. ಮಕ್ಕಳು ಗಂಟೆ ಹೊಡೆದ ಮೇಲೂ ಏಳದೆ ಯಾವ ಪದ್ಧತಿ ಒಳ್ಳೆಯದು ಎಂದು ವಾದಕ್ಕೆ ಬಿದ್ದರಂತೆ. ಹೇಳುತ್ತಾ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ಅಳೋದ್ಯಾಕೆ?" ಅಂದೆ.

"ಅಳ್ತಿಲ್ಲ ರೀ. ಎಂಟು ವರ್ಷ ಆಗಿತ್ತು ಅಷ್ಟೆ."

ನಾಲ್ಕನೆಯ ದಿನ ನಾವಿಬ್ಬರೂ ಗೋದಾಮಿನಲ್ಲಿದ್ದಾಗ ಫೋನು ಬಂತು. ಕೆಲಸ ಅವಳದ್ದೇ, ವಾರಕ್ಕೆ ಮೂರು ದಿನ ಎಂದರು. ನಾನು ಎದುರು ನಿಂತು ನಾಲ್ಕು ಬೆರಳು ಎತ್ತಿ ತೋರಿಸಿದೆ. ಮೊದಲು ಹೇಳಿದ್ದಕ್ಕೇ ಒಪ್ಪುವುದು ನನ್ನ ಜಾಯಮಾನವಲ್ಲ. ಅವಳು ಅಕ್ಕಿ ಮೂಟೆಗಳ ಕಡೆ ತಿರುಗಿ ನನಗೆ ಬೆನ್ನು ಹಾಕಿ ಮಾತು ಮುಂದುವರಿಸಿದಳು. ಮೂರು ದಿನಕ್ಕೆ ಒಪ್ಪಿ, ಅದರ ಬದಲು ಒಂದು ಷರತ್ತು ಹಾಕಿದಳು. ಪ್ರತಿ ಪಾಠದಲ್ಲೂ ಅಮೆರಿಕದ ಪಕ್ಕದಲ್ಲಿ ಭಾರತದ್ದನ್ನೂ ಈ ದೇಶದ್ದನ್ನೂ ಇಟ್ಟು ಕಲಿಸಬೇಕು, ಅದಕ್ಕೆ ಯಾರೂ ಅಡ್ಡಬರಬಾರದು. ಅವರು ತಕ್ಷಣ ಒಪ್ಪಿದರು. ತನ್ನ ತಪ್ಪನ್ನೇ ಅವರಿಗೆ ಮಾರಿದ್ದಳು. ಆ ವಹಿವಾಟು ನನಗೆ ಹೊಳೆದಿರಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ.

"ನಾಲ್ಕು ಕೇಳಿದ್ರೂ ಕೊಡ್ತಿದ್ರು" ಅಂದೆ.

"ನಿಮ್ಮ ಮಸೂದೆ ನೋಡ್ದೆ ರೀ. ಸಹಿ ಹಾಕ್ಲಿಲ್ಲ."

ಅವಳ ವಿಟೋ ಮೀರಲು ಮೂರನೇ ಎರಡರಷ್ಟು ಮತ ಬೇಕು. ನಮ್ಮ ಮನೆಯಲ್ಲಿರುವವರು ಇಬ್ಬರೇ. ಈಗ ಗೋದಾಮಿನ ಪಟ್ಟಿಯನ್ನು ನಾನೇ ಬರೆಯುತ್ತೇನೆ. ವಾರದ ನಾಲ್ಕನೆಯ ದಿನದ ಕೆಲಸದ ವಿಷಯವನ್ನು ಮುಂದಿನ ವರ್ಷ ಎತ್ತಬೇಕು ಎಂಬುದು ಈಗಲೂ ನನ್ನ ಸಲಹೆ. ಮಂಡಿಸಿದ್ದೇನೆ, ಅವಳ ಪರಿಶೀಲನೆಯಲ್ಲಿದೆ.