ಮಾಣಿಕನ ಜೀನ್ ಜಾಗೃತಿ ಕೇಂದ್ರ

ಔರಾದದ ಮಾಣಿಕ ಬಿ.ಎಸ್ಸಿ. ಎರಡನೇ ವರ್ಷದ ಜೀವಶಾಸ್ತ್ರದಲ್ಲಿ ಮೂರು ಸಲ ನಪಾಸಾದವನು. ನಪಾಸಾಗುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ನಪಾಸಾದ ವಿಷಯವನ್ನೇ ಊರಿಗೆಲ್ಲ ಕಲಿಸಲು ಹೊರಟದ್ದು ನಾಚಿಕೆಗೇಡು. ಬೀಜದ ಏಜೆಂಟಾಗಿ, ಆಮೇಲೆ ನೀರಿನ ಫಿಲ್ಟರ್ ಮಾರುತ್ತ ಹತ್ತು ವರ್ಷ ಅಲೆದ ಮೇಲೆ ಮೊಬೈಲಿನ ಯಾವುದೋ ವಿಡಿಯೊದಲ್ಲಿ ಅವನಿಗೆ ‘ಜೀನ್’ ಎಂಬ ಪದ ಮತ್ತೆ ಸಿಕ್ಕಿತು. ಅರ್ಥ ಸಿಗಲಿಲ್ಲ. ಅದು ಅವನಿಗೆ ಬೇಕಾಗಿಯೂ ಇರಲಿಲ್ಲ.

ಭಾಲ್ಕಿಯ ಬಸ್ ನಿಲ್ದಾಣದ ಎದುರು ಮಹಡಿಯ ಮೇಲೆ ಒಂದು ಕೋಣೆ ಹಿಡಿದು ‘ಜೀನ್ ಜಾಗೃತಿ ಕೇಂದ್ರ’ ಎಂದು ಬೋರ್ಡು ಹಾಕಿದ. ಬಿಳಿ ಕೋಟು ಹೊಲಿಸಿಕೊಂಡ. ಪ್ರತಿ ರವಿವಾರ ಶಿಬಿರ. “ನಿಮ್ಮ ಮೈಯಾಗ ಸಾವಿರಾರು ಜೀನ್ ಮಲಗ್ಯಾವ್ರಿ. ನಾಲಿಗಿ ಕೆಳಗ ಮೂರು ಹನಿ ಹಾಕ್ರಿ, ಎಲ್ಲಾ ಎದ್ದು ಕೂಡ್ತಾವ” ಎಂದು ಅವನು ಹೇಳಿದರೆ ಓದಿದವರೂ ತಲೆಯಾಡಿಸುತ್ತಿದ್ದರು. ನಿವೃತ್ತ ಮಾಸ್ತರರೊಬ್ಬರಂತೂ ಮುಂದಿನ ಸಾಲಿನಲ್ಲಿ ಕುಳಿತು ನೋಟ್ಸ್ ಬರೆದುಕೊಳ್ಳುತ್ತಿದ್ದರು.

ಡಾಬಕಾದ ಭೀಮಬಾಯಿ ಕುರಿ ಸಾಕುವ ಹೆಂಗಸು. ಅವಳ ಮಗಳು ಸೋನಾಲಿಗೆ ಎಂಟು ವರ್ಷ. ಹುಟ್ಟಿನಿಂದಲೇ ಅವಳ ಮೈಯಲ್ಲಿ ರಕ್ತ ಸಾಕಷ್ಟು ತಯಾರಾಗುತ್ತಿರಲಿಲ್ಲ. ಬೀದರಿನ ಡಾಕ್ಟರ್ ಫರ್ಹೀನ ಕೊಟ್ಟ ಗುಳಿಗೆಯಿಂದ ಎರಡು ವರ್ಷ ಚೆನ್ನಾಗಿಯೇ ಶಾಲೆಗೆ ಹೋಗುತ್ತಿದ್ದಳು. ಮಾಣಿಕನ ಹೆಸರು ಕೇಳಿ, ರೋಗ ಪೂರ್ತಿ ಹೋದೀತೆಂದು ಭೀಮಬಾಯಿ ಮಗಳನ್ನು ಭಾಲ್ಕಿಗೆ ಕರೆದೊಯ್ದಳು. ಅವನು ಹುಡುಗಿಯ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, “ಆ ಗುಳಿಗಿ ಬಂದ್ ಮಾಡ್ರಿ. ಅದೇ ಜೀನ್ ಮಲಗಸ್ತದ” ಎಂದ. ಇಷ್ಟು ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಲು ಅಪಾರ ಅಜ್ಞಾನ ಬೇಕು. ಅದು ಅವನಲ್ಲಿ ಧಾರಾಳವಾಗಿತ್ತು.

ಮೂರು ತಿಂಗಳಿಗೆ ಸೋನಾಲಿ ಶಾಲೆಯ ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ಬೀದರಿಗೆ ತಂದಾಗ ಮೈಯಲ್ಲಿ ಇರಬೇಕಾದ ರಕ್ತದ ಅರ್ಧವೂ ಇರಲಿಲ್ಲ. ಎರಡು ಬಾಟಲಿ ರಕ್ತ ಏರಿಸಿದ ಮೇಲೆ ಕಣ್ಣು ಬಿಟ್ಟಳು. ಭೀಮಬಾಯಿ ಸೆರಗಿನಿಂದ ಮಾಣಿಕ ಕೊಟ್ಟ ಹನಿಯ ಸೀಸೆ ತೆಗೆದು ತೋರಿಸಿದಳು. ಫರ್ಹೀನ ಬೈಯಲಿಲ್ಲ. ಸ್ಟೂಲ್ ಎಳೆದುಕೊಂಡು ಪಕ್ಕಕ್ಕೆ ಕುಳಿತಳು.

“ಕಣ್ಣಿನ ಕೋಶದಾಗೂ, ರಕ್ತದ ಕೋಶದಾಗೂ ಜೀನ್ ಎಲ್ಲಾ ಅವೇ ಇರ್ತಾವ ಅಮ್ಮಾ. ಕಣ್ಣಿನಾಗ ರಕ್ತದ ಜೀನ್ ಬಂದ್ ಇರಬೇಕು. ಎಲ್ಲಾ ಒಮ್ಮೆ ಎದ್ರ ಕಣ್ಣು ಕಣ್ಣಾಗಿ ಉಳಿಯಂಗಿಲ್ಲ.”

“ಮತ್ತ ಯಾವುದು ಏಳಬೇಕು, ಯಾವುದು ಬ್ಯಾಡ, ಯಾರು ಹೇಳ್ತಾರ್ರಿ?”

“ಪ್ರತಿ ಜೀನಿನ ಮುಂದ ಡಿಎನ್‌ಎದಾಗ ಒಂದು ಜಾಗ ಇರ್ತದ. ಅಲ್ಲಿ ಕೆಲವು ಪ್ರೋಟೀನ್ ಬಂದು ಕೂತ್ರ ಜೀನ್ ಕೆಲಸ ಶುರು ಮಾಡ್ತದ. ಬ್ಯಾರೆ ಪ್ರೋಟೀನ್ ಕೂತ್ರ ಬಂದ್ ಆಗ್ತದ. ನಿಮ್ಮ ಪೋರಿದು ರಕ್ತದ ಜೀನ್ ಬರೋಬ್ಬರಿ ಅದ. ಅದರ ಮುಂದಿನ ಜಾಗದಾಗ ಡಿಎನ್‌ಎದ ಒಂದೇ ಒಂದು ಅಕ್ಷರ ತಪ್ಪ್ಯಾದ. ಪ್ರೋಟೀನಿಗೆ ಹಿಡಿತ ಸಿಗವಲ್ದು.”

“ಮತ್ತ ಗುಳಿಗಿ?”

“ಹೊಟ್ಟ್ಯಾಗಿದ್ದಾಗ ಕೂಸಿನಾಗ ರಕ್ತದ ಬ್ಯಾರೆ ಜೀನ್ ಕೆಲಸ ಮಾಡ್ತದ. ಹುಟ್ಟಿದ ಮ್ಯಾಲ ಒಂದು ಪ್ರೋಟೀನ್ ಅದನ್ನ ಮುಚ್ಚತದ. ಗುಳಿಗಿ ಆ ಮುಚ್ಚಿದ ಜೀನ್ ಸ್ವಲ್ಪ ತೆರೀತದ. ಅಷ್ಟರಾಗೇ ಈಕಿ ಸಾಲಿಗಿ ಹೋಗ್ತಿದ್ಳು.”

ಭೀಮಬಾಯಿ ಹನಿಯ ಸೀಸೆಯನ್ನು ಫರ್ಹೀನಳ ಕೈಗಿತ್ತಳು. ಮಲಗಿದ್ದ ಜೀನನ್ನು ನಿಜವಾಗಿ ಎಬ್ಬಿಸುತ್ತಿದ್ದ ಗುಳಿಗೆಯನ್ನು ತಾನೇ ಕೈಯಾರೆ ಹಿತ್ತಲಲ್ಲಿ ಚೆಲ್ಲಿದ್ದಳು.

ಸೋನಾಲಿ ಮತ್ತೆ ಓಡಾಡುವಂತಾದ ಮೇಲೆ ಒಂದು ರವಿವಾರ ಭೀಮಬಾಯಿ ಭಾಲ್ಕಿಗೆ ಹೋಗಿ ಶಿಬಿರದ ನಡುವೆ ಎದ್ದು ನಿಂತಳು.

“ನನ್ನ ಮಗಳಿಗಿ ಯಾವ ಜೀನ್ ಎಬ್ಬಿಸಿದ್ರಿ ಸಾಹೇಬ್ರ? ಕಣ್ಣಿಂದೋ, ರಕ್ತದ್ದೋ?”

ಮಾಣಿಕ ನಕ್ಕ. “ಎಲ್ಲಾ.”

“ಕಣ್ಣಿನಾಗ ರಕ್ತದ ಜೀನ್ ಎದ್ರ ಕಣ್ಣು ಉಳೀತದೇನ್ರಿ? ಯಾವುದು ಎಲ್ಲಿ ಏಳಬೇಕಂತ ನಿಮ್ಮ ಹನಿಗಿ ಹ್ಯಾಂಗ ತಿಳೀತದ?”

ಅವನು ಕೋಟಿನ ಗುಂಡಿ ಸರಿಮಾಡಿಕೊಂಡ. ಉತ್ತರ ಅವನು ನಪಾಸಾದ ವಿಷಯದ ಪುಸ್ತಕದಲ್ಲೇ ಇತ್ತು. ಅವನು ಆ ಪುಟ ತೆರೆದಿರಲಿಲ್ಲ. ಕೊನೆಗೆ, “ನಿಮ್ಮ ನಂಬಿಕಿ ಕಮ್ಮಿ ಬಿದ್ದದ” ಎಂದ. ಕೆಲವರು ಎದ್ದು ಹೊರಟರು. ಮಾಸ್ತರರು ಮಾತ್ರ ಭೀಮಬಾಯಿಗೆ, “ಕೂಡವ್ವಾ, ತ್ರಾಸ್ ಕೊಡಬ್ಯಾಡ” ಎಂದು ಗದರಿ ಹನಿಗಾಗಿ ನಾಲಿಗೆ ಚಾಚಿದರು.

ಫರ್ಹೀನ ಬರೆದ ದೂರಿನ ಮೇಲೆ ಆ ವಾರವೇ ಅಧಿಕಾರಿಗಳು ಬಂದು ಕೋಣೆಗೆ ಬೀಗ ಹಾಕಿದರು. ಸೀಸೆಗಳಲ್ಲಿದ್ದದ್ದು ಸಕ್ಕರೆ ನೀರು ಎಂದು ಪರೀಕ್ಷೆಯಲ್ಲಿ ತಿಳಿಯಿತು. ಮೋಸಕ್ಕಾದರೂ ಅವನು ಹೆಚ್ಚು ಶ್ರಮಪಟ್ಟಿರಲಿಲ್ಲ. ಕೇಸು ಇನ್ನೂ ನಡೆದಿದೆ. ಜಾಮೀನಿನ ಮೇಲಿರುವ ಮಾಣಿಕ ಔರಾದದಲ್ಲಿ ಹೊಟ್ಟೆ ಕರಗಿಸುವ ಬೆಲ್ಟ್ ಮಾರುತ್ತಾನೆ.

ಹೋದ ತಿಂಗಳು ಬೀದರಿನ ಬಸ್ಸಿನಲ್ಲಿ ಅವನಿಗೆ ತಾಯಿ ಮಗಳು ಎದುರಾದರು. ಸೋನಾಲಿ ಕಿಟಕಿಯ ಪಕ್ಕ ಕಡಲೆ ತಿನ್ನುತ್ತ ಕುಳಿತಿದ್ದಳು. ಅವನಿಗೆ ಮುಖ ಮುಚ್ಚಿಕೊಳ್ಳಬೇಕೆನಿಸಲಿಲ್ಲ.

“ನೋಡ್ರಿ, ಪೋರಿ ಎಷ್ಟು ಛಲೋ ಆಗ್ಯಾಳ! ನಮ್ಮ ಹನಿ ಸ್ವಲ್ಪ ತಡ ಮಾಡಿ ಹತ್ತತಾವ” ಎಂದು ಪಕ್ಕದ ಖಾಲಿ ಜಾಗದಲ್ಲಿ ಕೂರಲು ಬಾಗಿದ.

ಭೀಮಬಾಯಿ ಅವನ ಮುಖವನ್ನೂ ನೋಡದೆ ಕಾಲ ಬಳಿಯಿದ್ದ ಚೀಲವನ್ನು ಎತ್ತಿ ಆ ಜಾಗದಲ್ಲಿಟ್ಟಳು. ಮಾಣಿಕ ಬೀದರಿನವರೆಗೂ ನಿಂತೇ ಹೋದ.