ಸ್ವಸ್ಥಚಿತ್ತಳಾಗಿ

ನನಗೆ ಕಾಯಿಲೆ ಇದೆಯೆಂದು ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ, ನನಗೆ ಸಿಟ್ಟು ಬರುವ ತನಕ.

ಮಗಳು ಹುಟ್ಟಿದ ಮೇಲೆ ನಾನು ಹಾಸಿಗೆ ಬಿಟ್ಟು ಏಳದಾದೆ. ಕೂಸು ಅತ್ತರೂ ಕೈ ಚಾಚಲಾಗುತ್ತಿರಲಿಲ್ಲ. ನ್ಯಾಮತಿಯ ಗಂಡನ ಮನೆಯಲ್ಲಿ ಅತ್ತೆ ಬಾಗಿಲಲ್ಲಿ ನಿಂತು, "ನಾವೇನು ಹಡದಿಲ್ವಾ? ಜ್ವರ ಇಲ್ಲ, ಗಾಯ ಇಲ್ಲ, ಇದೆಂಥ ಕಾಯ್ಲೆ? ಡಾಕ್ಟ್ರು ರೊಕ್ಕ ಕೀಳಾಕೆ ಎಲ್ಲದಕ್ಕೂ ಒಂದು ಹೆಸ್ರು ಇಡ್ತಾರೆ" ಅಂದರು. ಅವರನ್ನು ಪೂರ್ತಿ ಬೈಯಲಾರೆ. ಶಿವಮೊಗ್ಗದ ಡಾಕ್ಟರು ಖಿನ್ನತೆ ಎಂದರು. ಮುಂದೊಮ್ಮೆ ನಾನು ನಿದ್ದೆಯಿಲ್ಲದೆ ಹೊಲಿಗೆ ಮಿಷನ್ ತುಳಿಯುತ್ತ ಮಾತಾಡಿದ್ದೇ ಮಾತಾಡಿದಾಗ ದಾವಣಗೆರೆಯ ಡಾಕ್ಟರು ಬೈಪೋಲಾರ್, ಮನಸ್ಸು ಒಮ್ಮೆ ಕುಸಿದು ಒಮ್ಮೆ ಉಕ್ಕುವ ಕಾಯಿಲೆ, ಎಂದರು. ಇದೆಲ್ಲ ಯಾವ ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ ಎಂದು ಕೇಳಿದೆ. "ರಕ್ತದಲ್ಲಿ ಕಾಣೋದಲ್ಲಮ್ಮ, ನೀವು ಹೇಳಿದ್ದು, ಮನೆಯವರು ಹೇಳಿದ್ದು ಕೇಳಿಯೇ ತಿಳೀಬೇಕು" ಎಂದರು ಅವರು. ಮನೆಯವರು ಹೇಳಿದ್ದು ಎಂಬ ಮಾತಿಗೆ ನಾನು ಆಗಲೇ ಹೆದರಿದ್ದೆ. ಆದರೂ ಅವರು ಕೊಟ್ಟ ಮಾತ್ರೆಯಿಂದ ನಾನು ಎದ್ದೆ, ಮಗಳ ತಲೆ ಬಾಚಿದೆ. ಅದನ್ನು ಇಲ್ಲವೆನ್ನುವಷ್ಟು ಕೃತಘ್ನಳಲ್ಲ.

ಎದ್ದ ಮೇಲೆ ಬಂತು ನೋಡಿ ಫಜೀತಿ. ಹಾಲಿನವನು ನೀರು ಬೆರೆಸುತ್ತಾನೆಂದು ಜಗಳವಾಡಿದರೆ ಯಜಮಾನರು ಒಳಗಿನಿಂದಲೇ, "ಮಾತ್ರೆ ತಗೊಂಡ್ಯಾ?" ಎನ್ನುವರು. ಜೋರಾಗಿ ನಕ್ಕರೂ ಅದೇ ಪ್ರಶ್ನೆ. ಹಾಲಿನಲ್ಲಿ ನೀರಿತ್ತೋ ಇಲ್ಲವೋ ಎಂದು ಮಾತ್ರ ಯಾರೂ ನೋಡಲಿಲ್ಲ. ಮೈಮೇಲೆ ಏಳಲಾರದ ಭಾರವಿದ್ದಾಗ ನಾನು ಸೋಮಾರಿ, ನ್ಯಾಯ ಕೇಳಿದಾಗ ರೋಗಿ.

ಹೋದ ವರ್ಷ ಅಪ್ಪ ತೀರಿಕೊಂಡರು. ಜಗಳೂರಿನ ಮನೆ, ಹಿಂದಿನ ಮೆಕ್ಕೆಜೋಳದ ಹೊಲ, ಎಲ್ಲ ಅಣ್ಣನ ಹೆಸರಿಗಾಗಬೇಕಿತ್ತು. ಹೆಣ್ಣುಮಕ್ಕಳು ಅರಿಶಿನ ಕುಂಕುಮ, ಸೀರೆ ತೆಗೆದುಕೊಂಡು ಸಹಿ ಹಾಕಿ ಬರುವುದು ನಮ್ಮ ಕಡೆ ರೂಢಿ. ನನಗೆ ಆ ಮನೆಯಲ್ಲಿ ಒಂದು ಕೋಣೆಯಾದರೂ ಬೇಕಿತ್ತು. ನಾಳೆ ಇವರು ಹುಚ್ಚಿಯೆಂದು ಹೊರಗೆ ಹಾಕಿದರೆ ಮಗಳ ಕೈಹಿಡಿದು ಎಲ್ಲಿಗೆ ಹೋಗಲಿ? ಈ ಭಯವನ್ನು ಬಾಯಿಬಿಟ್ಟು ಹೇಳುವಂತೆಯೂ ಇರಲಿಲ್ಲ. ಹೇಳಿದ್ದರೆ ಅದೂ ರೋಗದ ಲೆಕ್ಕಕ್ಕೇ ಹೋಗುತ್ತಿತ್ತು.

ಹೊನ್ನಾಳಿಯಲ್ಲಿ ಒಂದು, ದಾವಣಗೆರೆಯಲ್ಲಿ ಒಂದು ಬಸ್ಸು ಬದಲಿಸಿ ಯಜಮಾನರ ಜೊತೆ ಜಗಳೂರಿಗೆ ಹೋದೆ. ಅಣ್ಣ ರಿಜಿಸ್ಟ್ರಾರ್ ಕಚೇರಿಯ ಎದುರೇ ಸೀರೆಯ ಚೀಲ ಹಿಡಿದು ನಿಂತಿದ್ದ. ಪತ್ರ ಬರೆಯುವವರು ಓದತೊಡಗಿದರು: "ನಾನು ಸ್ವಸ್ಥಚಿತ್ತಳಾಗಿ, ಯಾರ ಒತ್ತಾಯವೂ ಇಲ್ಲದೆ, ನನ್ನ ಹಕ್ಕನ್ನು ಬಿಟ್ಟುಕೊಟ್ಟಿರುತ್ತೇನೆ..."

ನನಗೆ ನಗು ತಡೆಯಲಾಗಲಿಲ್ಲ. ಇಷ್ಟು ವರ್ಷ ನಮ್ಮವರು ಯಾರೂ ಕೊಡದ ಸರ್ಟಿಫಿಕೇಟನ್ನು ಆ ಅಪರಿಚಿತರು ಒಂದೇ ಉಸಿರಿಗೆ ಕೊಟ್ಟುಬಿಟ್ಟಿದ್ದರು.

"ಯಾಕವ್ವಾ ನಗ್ತೀಯಾ?" ಎಂದ ಅಣ್ಣ.

"ನಂಗೊಂದು ಕೋಣೆ ಬೇಕು ಕಣಣ್ಣಾ. ಸಹಿ ಹಾಕಲ್ಲ."

ಅಣ್ಣ ನನ್ನ ಮುಖ ನೋಡಲಿಲ್ಲ. ಯಜಮಾನರ ಕಡೆ ತಿರುಗಿ, "ಮಾತ್ರೆ ಕೊಟ್ಟಿಲ್ವೇನ್ರೀ ಭಾವ?" ಅಂದ.

ಮೈ ಉರಿದುಹೋಯಿತು. "ತಲೆ ಕೆಟ್ಟೋಳ ಸಹಿ ನಿಂಗ್ಯಾಕೆ ಬೇಕು ಹಂಗಾರೆ? ಸಹಿ ಹಾಕಿದ್ರೆ ಬುದ್ಧಿ ನೆಟ್ಟಗೈತೆ, ಇಲ್ಲಾಂದ್ರೆ ಹುಚ್ಚಾ?" ಎಂದು ಕೂಗಿದೆ. ಕಚೇರಿಯ ಜನವೆಲ್ಲ ನಮ್ಮತ್ತಲೇ ನೋಡಿದರು. ಕೂಗಬಾರದಿತ್ತು. ನನ್ನ ಕೂಗೇ ಅವರಿಗೆ ಸಾಕ್ಷಿಯಾಯಿತು.

ವಾಪಸು ಬಸ್ಸಿನಲ್ಲಿ ಯಜಮಾನರು, "ತವರು ಮನೆಯೋರ ಹತ್ರ ಯಾಕೆ ಕೆಡಿಸ್ಕೊಂತೀಯಾ?" ಅಂದರು. ಕಿಟಕಿಗೆ ತಲೆಯಾನಿಸಿ ಕೂತಿದ್ದ ನನಗೆ ನನ್ನ ಮೇಲೆಯೇ ಅನುಮಾನ ಶುರುವಾಯಿತು. ಸಹಿ ಹಾಕಲ್ಲ ಎಂದದ್ದು ನಾನೋ, ರೋಗವೋ? ಅವರು ಕೇಳಿ ಕೇಳಿ ಆ ಪ್ರಶ್ನೆ ಈಗ ನನ್ನೊಳಗೇ ಮನೆ ಮಾಡಿತ್ತು. ಅದರಷ್ಟು ದುಃಖ ನನಗೆ ಇನ್ಯಾವುದರಿಂದಲೂ ಆಗಿಲ್ಲ.

ಊಟವಾದ ಮೇಲೆ ಎಲ್ಲರೂ ನೋಡುವಂತೆಯೇ ಮಾತ್ರೆ ನುಂಗಿದೆ. ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ಆ ಪ್ರಶ್ನೆಯನ್ನು ಮತ್ತೆ ನನಗೆ ನಾನೇ ಕೇಳಿಕೊಂಡೆ. ಸಿಟ್ಟು ಇಳಿದಿತ್ತು. ಕೋಣೆ ಮಾತ್ರ ಬೇಕೇಬೇಕಿತ್ತು. ಎಷ್ಟೋ ದಿನದ ಮೇಲೆ ನನಗೆ ನನ್ನ ಮೇಲೆ ನಂಬಿಕೆ ಬಂತು.

ಚಹಾ ಕೊಡುತ್ತ ಯಜಮಾನರಿಗೆ ಮೆಲ್ಲಗೆ ಹೇಳಿದೆ: "ಮಾತ್ರೆ ತಗೊಂಡೀನಿ. ನೀವೇ ನೋಡೀರಿ. ಸಿಟ್ಟಿಲ್ಲ ಏನಿಲ್ಲ. ಆದ್ರೂ ಸಹಿ ಹಾಕಲ್ಲ."

ಅವರು ಕೆಟ್ಟವರಲ್ಲ. ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ಕಣ್ಣಲ್ಲಿ ನಿಜವಾದ ಕಾಳಜಿಯಿತ್ತು.

"ಹಂಗಾರೆ ಡೋಸ್ ಸಾಲ್ತಿಲ್ಲ ಅಂತ ಕಾಣ್ತೈತೆ" ಅಂದರು. "ನಾಳೆ ದಾವಣಗೆರೆಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡು ಬರಾಣ."