ಮುಯ್ಯಿಗೆ ಹೊಲಿದ ರವಿಕೆಗಳು

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಮುಗಿದು ಮದುವೆಗಳ ಸಾಲು ಶುರುವಾಗಿತ್ತು. ನಾನು ಶಿರಾಳಕೊಪ್ಪದಲ್ಲಿ ಮನೆಯಲ್ಲೇ ಹೊಲಿಗೆ ಮಾಡುವವಳು. ನಮ್ಮನೆಯವರು ಲಗೇಜ್ ಆಟೋ ಓಡಿಸುತ್ತಾರೆ. ಆ ವರ್ಷ ಶಾಲೆಯೊಂದರವರು ಮಕ್ಕಳ ಯೂನಿಫಾರಂ ಹೊಲಿಯುವ ಕೆಲಸ ನನಗೇ ಕೊಡುತ್ತೇವೆ ಎಂದಿದ್ದರು. ಆದರೆ ಬಟ್ಟೆಯ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ಮಷೀನು ಮೇ ಮುಗಿಯುವುದರೊಳಗೆ ನನ್ನ ಮನೆಗೆ ಬಂದಿರಬೇಕು. ಇಲ್ಲದಿದ್ದರೆ ಕೆಲಸ ಬೇರೆಯವರ ಪಾಲು.

ನಮ್ಮ ಮನೆಗೆ ದುಡ್ಡು ಬರುತ್ತಿರಲಿಲ್ಲ ಅಂತಲ್ಲ, ನಿಲ್ಲುತ್ತಿರಲಿಲ್ಲ. ಫೋನಿನಲ್ಲಿರುವ ದುಡ್ಡಂತೂ ಹೇಳದೆ ಕೇಳದೆ ಹೊರಟುಹೋಗುತ್ತದೆ. ಅದಕ್ಕೇ ಅಡುಗೆಮನೆಯ ಹಲಗೆಯ ಮೇಲೆ ಮೂರು ಡಬ್ಬಿ ಇಟ್ಟೆ. ಒಂದು ಮನೆಖರ್ಚಿಗೆ, ಒಂದು ಮದುವೆಗಳಲ್ಲಿ ಕೊಡುವ ಉಡುಗೊರೆಗೆ, ಅಂದರೆ ಮುಯ್ಯಿಗೆ, ಇನ್ನೊಂದು ಮಷೀನಿಗೆ. ಒಂದರ ದುಡ್ಡು ಇನ್ನೊಂದಕ್ಕೆ ಹಾರಕೂಡದು.

ಮೊದಲು ಸೋತಿದ್ದು ಮುಯ್ಯಿ ಡಬ್ಬಿ. ನಮ್ಮಲ್ಲಿ ಯಾರು ಏನು ಮುಯ್ಯಿ ಮಾಡಿದರು ಅಂತ ಚಪ್ಪರದಲ್ಲಿ ಮೈಕು ಹಿಡಿದು ಕೂಗುತ್ತಾರೆ. ಮದುವೆಮನೆಯವರು ಹಿಂದೆ ನಮಗೆ ಮಾಡಿದ್ದಕ್ಕಿಂತ ನಮ್ಮದು ಒಂದು ಕೈ ಮೇಲೇ ಆಗಬೇಕು. ಏಪ್ರಿಲ್ ಮುಗಿಯುವಷ್ಟರಲ್ಲಿ ಡಬ್ಬಿಯ ತಳ ಕಂಡಿತು. ಅದೇ ಹೊತ್ತಿಗೆ ಉಳವಿಯಿಂದ ಗಿರಿಜಕ್ಕನ ಫೋನು ಬಂತು. ಗಿರಿಜಕ್ಕ ಅಂದರೆ ನಮ್ಮನೆಯವರ ಸ್ವಂತ ಅಕ್ಕ. ದೊಡ್ಡ ಮಗಳ ಮದುವೆ ಗಟ್ಟಿಯಾಗಿತ್ತು.

"ಅಕ್ಕನ ಮಗಳ ಮದ್ವಿ ಮಾರಾಯ್ತಿ. ಮನೆಮಂದಿಗೆಲ್ಲ ಸೀರೆ ಉಡಿಸ್ಬೇಕು. ಮಷೀನ್ ಡಬ್ಬಿ ಒಂದ್ಸಲ ಕೆಳಗಿಳಿಸು" ಎಂದರು ಇವರು.

"ಡಬ್ಬಿ ಇಳಿದ್ರೆ ಮಷೀನು ಅಂಗಡ್ಯಾಗೇ ಉಳೀತೈತಿ. ಇಳಿಸಲ್ಲರೀ."

"ನಿನ್ನ ಡಬ್ಬಿ ನಮ್ಮ ಮರ್ಯಾದಿಗಿಂತ ದೊಡ್ಡದಾತಾ?"

ಆ ಮಾತು ನನಗೆ ಚುಚ್ಚಿತು. ಆದರೆ ಅದೇ ಹೊತ್ತಿಗೆ ನನ್ನಜ್ಜಿ ನೆನಪಾದಳು. ನಾಟಿ ಕಾಲದಲ್ಲಿ ಅವಳು ಮುಯ್ಯಾಳಾಗಿ ಹೋಗುತ್ತಿದ್ದಳು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತೇ ಇಲ್ಲ. "ರೊಕ್ಕ ಇಲ್ದಿದ್ರೇನಾತು, ರಟ್ಟಿ ಅದಾವಲ್ಲ" ಅನ್ನುತ್ತಿದ್ದಳು.

ಮರುದಿನವೇ ಅಳತೆಯ ಟೇಪು ಹಿಡಿದು ಉಳವಿ ಬಸ್ಸು ಹತ್ತಿದೆ. "ಗಿರಿಜಕ್ಕ, ಹುಡುಗೀದೂ ನಿಮ್ಮನೆ ಹೆಂಗಸರದ್ದೂ ಅಷ್ಟೂ ರವಿಕೆ ನಾನೇ ಹೊಲಿದು ಕೊಡ್ತೀನಿ. ಅದೇ ನಮ್ಮ ಮುಯ್ಯಿ" ಎಂದೆ.

"ಮತ್ತೆ ಸೀರೆ?"

"ಸೀರೆ ಇಲ್ಲಕ್ಕ."

"ಹ್ಞೂಂ" ಎಂದು ಕಾಫಿ ತರಲು ಒಳಗೆ ಹೋದ ಗಿರಿಜಕ್ಕ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಕಾಫಿ ತಂದವಳು ಮದುಮಗಳು. ನಾನು ಅಳತೆ ತೆಗೆದುಕೊಂಡು ಬಂದೆ.

ಮದುವೆಯ ದಿನ ನಾನು ಹೊಲಿದ ರವಿಕೆಗಳೇ ಚಪ್ಪರದ ತುಂಬ ಓಡಾಡುತ್ತಿದ್ದವು. ಮುಯ್ಯಿ ಕೂಗುವ ಹಿರಿಯರು ನನ್ನ ಮುಖ ನೋಡಿ, ಮೈಕಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಕೇಳಿದರು. "ನಿಂದು ಏನಂತ ಕೂಗ್ಲಮ್ಮ?"

"ಮದುವೆಮನೆ ರವಿಕೆಗಳ ಹೊಲಿಗೆ ಅಂತ ಕೂಗ್ರಿ. ಗಟ್ಟಿಯಾಗೇ ಕೂಗ್ರಿ."

ಅವರು ಕೂಗಿಯೇಬಿಟ್ಟರು. ಚಪ್ಪರದಲ್ಲಿ ನಗುವೆದ್ದಿತು. "ಹಂಗಾದ್ರೆ ನಾ ಊಟದೆಲೆ ಎತ್ತಿದ್ದನ್ನೂ ಕೂಗಿ ಮಾರಾಯ್ರೆ!" ಎಂದಳು ಒಬ್ಬಾಕೆ. ಹಾಗೆಂದವಳ ಮೈಮೇಲಿದ್ದದ್ದೂ ನನ್ನ ಹೊಲಿಗೆಯೇ! ಇವರು ತಲೆ ತಗ್ಗಿಸಿ ಚಪ್ಪಲಿ ಹುಡುಕತೊಡಗಿದರು. ನಾನು ಕದಲಲಿಲ್ಲ. ಗಿರಿಜಕ್ಕ ಮಾತ್ರ ನನ್ನತ್ತ ತಿರುಗಿಯೂ ನೋಡಲಿಲ್ಲ. ಅದೊಂದೇ ನನ್ನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮಷೀನು ಮೇ ಕೊನೆಗೆ ಬಂತು. ಶಾಲೆಯ ಬಟ್ಟೆಯೂ ಬಂತು. ಬಂದ ರಾಶಿ ನೋಡಿ ನನಗೇ ದಿಗಿಲಾಯಿತು. ಅಂಗಿಗಳಿಗೆ ಗುಂಡಿ ಹಚ್ಚಲು ಇನ್ನೆರಡು ಕೈ ಬೇಕಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಬಾಗಿಲಲ್ಲಿ ಬುತ್ತಿ ಹಿಡಿದು ಗಿರಿಜಕ್ಕ ನಿಂತಿದ್ದರು!

"ಏನಕ್ಕ, ಫೋನೂ ಮಾಡದೆ?"

"ಮುಯ್ಯಿ ತೀರ್ಸಕ್ಕೆ ಬಂದೆ ಕಣೇ. ಗುಂಡಿ ಎಲ್ಲಿ, ಸೂಜಿ ಎಲ್ಲಿ?"

ನಾನು ಗುಂಡಿಯ ಚೀಲ, ಸೂಜಿ ತಂದು ಮುಂದಿಟ್ಟೆ. ಗಿರಿಜಕ್ಕ ಕನ್ನಡಕ ಏರಿಸಿ, ಬೆಳಕಿಗೆ ತಿರುಗಿ ಕೂತು ದಾರ ಪೋಣಿಸಿದರು. "ಅವತ್ತು ನಿನ್ ಮೇಲೆ ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮದುವೆ ಆದ್ಮೇಲೆ ಒಬ್ಬೊಬ್ಬರು ಮುಯ್ಯಿ ಮಾಡಿದ ಸೀರೆ ನೋಡ್ದಾಗ್ಲೂ, ಇದಕ್ಕಿಂತ ಮೇಲಿಂದು ನಾ ಯಾವಾಗ ಕೊಡ್ಲಪ್ಪಾ ಅಂತ ಹೆದರ್ಕೆ ಆಗ್ತದೆ. ನಿನ್ ರವಿಕೆ ಹಾಕ್ಕಂಡಾಗ ಮಾತ್ರ ಆ ಹೆದರ್ಕೆ ಇಲ್ಲ ಮಾರಾಯ್ತಿ."

ನನ್ನ ಡಬ್ಬಿ ನನ್ನನ್ನು ಮಾತ್ರ ಕಾಯುತ್ತಿದೆ ಎಂದುಕೊಂಡಿದ್ದೆ. ಅದು ಉಳವಿಯ ಮನೆಯನ್ನೂ ಆ ಹೆದರಿಕೆಯಿಂದ ಒಂದಿಷ್ಟು ಕಾದಿತ್ತು. ಈಗಲೂ ಮೂರೂ ಡಬ್ಬಿ ಹಲಗೆಯ ಮೇಲಿವೆ. ಮದುವೆಗೆ ಕರೆಯಲು ಬಂದವರಿಗೆ ಕುಂಕುಮ ಕೊಟ್ಟು, ಟೇಪು ಹಿಡಿದೇ ಮಾತಿಗೆ ಕೂರುತ್ತೇನೆ. ಯಾರಾದರೂ ನಕ್ಕರೆ, ಗುಂಡಿ ಹಚ್ಚಲು ಬಂದ ದಿನ ಸಂಜೆ ಬಸ್ಸಿಗೆ ಏಳುವಾಗ ಗಿರಿಜಕ್ಕ ಗದರಿದ್ದನ್ನು ನೆನೆದು ನಾನೂ ನಗುತ್ತೇನೆ.

"ಎರಡ್ನೇ ಮಗಳ ಮದ್ವೆಗೂ ಟೇಪ್ ಹಿಡ್ಕಂಡೇ ಬಾ. ಸೀರೆ ತಂದ್ಯೋ, ಚಪ್ಪರದೊಳಗೇ ಬಿಡಲ್ಲ ನೋಡು!"